'ಪ್ರೀಸ್ಟ್' (1994) ಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಚಿತ್ರದ ಬಗ್ಗೆ ಕನ್ನಡದಲ್ಲಿ ಓದೋಕೆ ಸಿಗೋದು ಬಹಳ ಕಡಿಮೆ. ನೋಡಿದವರು ಮಾತ್ರ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಅದಕ್ಕೇ ಎಲ್ಲ ಒಂದೇ ಕಡೆ ಬರೆದಿದ್ದೇನೆ. ಕಥೆಯ ಕೊನೆಯವರೆಗಿನ ವಿಷಯ ಇಲ್ಲಿದೆ. ಮೊದಲು ಚಿತ್ರ ನೋಡಬೇಕು ಅನ್ನುವವರು ನೋಡಿಕೊಂಡು ಬನ್ನಿ.

ಯಾವ 'ಪ್ರೀಸ್ಟ್'? ಹುಡುಕಿದರೆ ಮಮ್ಮುಟ್ಟಿ ಚಿತ್ರ ಬರುತ್ತಿದೆಯಲ್ಲ?

ಅದು ಬೇರೆ. ಮಮ್ಮುಟ್ಟಿಯವರದ್ದು 2021ರ ಮಲಯಾಳಂ ಚಿತ್ರ, ಹೆಸರು 'ದಿ ಪ್ರೀಸ್ಟ್'. 2011ರಲ್ಲಿ ರಕ್ತಪಿಶಾಚಿಗಳ ಕಥೆಯ ಒಂದು ಹಾಲಿವುಡ್ ಚಿತ್ರವೂ ಇದೇ ಹೆಸರಲ್ಲಿ ಬಂದಿತ್ತು, ಅದೂ ಅಲ್ಲ. ಇಲ್ಲಿ ಹೇಳುತ್ತಿರುವುದು 1994ರ ಬ್ರಿಟಿಷ್ ಚಿತ್ರ. ನಿರ್ದೇಶನ ಆಂಟೋನಿಯಾ ಬರ್ಡ್, ಕಥೆ-ಚಿತ್ರಕಥೆ ಜಿಮ್ಮಿ ಮೆಕ್‌ಗವರ್ನ್, ಮಾಡಿಸಿದ್ದು ಬಿಬಿಸಿ. ಮುಖ್ಯ ಪಾತ್ರದಲ್ಲಿ ಲೈನಸ್ ರೋಚ್. ಹುಡುಕುವಾಗ ನಿರ್ದೇಶಕಿಯ ಹೆಸರನ್ನೂ ಸೇರಿಸಿದರೆ ಬೇಗ ಸಿಗುತ್ತದೆ.

ಕಥೆ ಏನು, ಚಿಕ್ಕದಾಗಿ ಹೇಳಿ.

ಫಾದರ್ ಗ್ರೆಗ್ ಪಿಲ್ಕಿಂಗ್ಟನ್ ಎಂಬ ಯುವ ಪಾದ್ರಿ ಲಿವರ್‌ಪೂಲ್ ನಗರದ ಒಂದು ಬಡ ಧರ್ಮಕೇಂದ್ರಕ್ಕೆ (ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಜನ) ವರ್ಗವಾಗಿ ಬರುತ್ತಾರೆ. ಕಟ್ಟುನಿಟ್ಟಿನ ಮನುಷ್ಯ. ಪಾಪ ಅಂದರೆ ಪಾಪ, ಸಮಾಜದ ಮೇಲೆ ಗೂಬೆ ಕೂರಿಸಬೇಡಿ ಅನ್ನುವ ಜಾತಿ. ಅಲ್ಲಿ ಮೊದಲಿಂದ ಇರುವ ಫಾದರ್ ಮ್ಯಾಥ್ಯೂ (ಟಾಮ್ ವಿಲ್ಕಿನ್ಸನ್) ಇದಕ್ಕೆ ಪೂರ್ತಿ ಉಲ್ಟಾ. ಎಡಪಂಥೀಯ, ಜನರ ಜೊತೆ ಬೆರೆಯುವವರು, ಮನೆ ನೋಡಿಕೊಳ್ಳುವ ಮರಿಯಾ (ಕ್ಯಾಥಿ ಟೈಸನ್) ಜೊತೆ ಗಂಡ-ಹೆಂಡತಿಯಂತೆ ಬಾಳುತ್ತಿರುವವರು. ಗ್ರೆಗ್‌ಗೆ ಇದನ್ನು ನೋಡಿ ಮೈಯೆಲ್ಲ ಉರಿಯುತ್ತದೆ. ಆದರೆ ಅವರೂ ಒಂದು ರಾತ್ರಿ ಬಿಳಿ ಕಾಲರ್ ತೆಗೆದಿಟ್ಟು, ಲೆದರ್ ಜಾಕೆಟ್ ಹಾಕಿಕೊಂಡು ಗೇ ಬಾರ್‌ಗೆ ಹೋಗುತ್ತಾರೆ. ಅಲ್ಲಿ ಗ್ರಹಾಂ (ರಾಬರ್ಟ್ ಕಾರ್ಲೈಲ್) ಸಿಗುತ್ತಾನೆ.

ಇದೇ ಹೊತ್ತಿಗೆ ಲೀಸಾ ಅನ್ನುವ ಹದಿಹರೆಯದ ಹುಡುಗಿ ಪಾಪನಿವೇದನೆಗೆ (ಕನ್ಫೆಷನ್, ಚರ್ಚಿನ ಗೂಡಿನಲ್ಲಿ ಕೂತು ಪಾದ್ರಿಗೆ ಗುಟ್ಟಾಗಿ ತಪ್ಪು ಹೇಳಿಕೊಳ್ಳುವ ವಿಧಿ) ಬಂದು, ತನ್ನ ತಂದೆ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದಾನೆ ಅಂತ ಹೇಳುತ್ತಾಳೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಯಾರಿಗೂ ಹೇಳುವಂತಿಲ್ಲ. ಗ್ರೆಗ್ ಒದ್ದಾಡುತ್ತಾರೆ, ಮಗಳನ್ನು ಸ್ವಲ್ಪ ಗಮನಿಸಿಕೊಳ್ಳಿ ಅಂತ ತಾಯಿಗೆ ಸುತ್ತಿ ಬಳಸಿ ಸುಳಿವು ಕೊಡುತ್ತಾರೆ. ಯಾರಿಗೂ ಅರ್ಥವಾಗುವುದಿಲ್ಲ. ಕೊನೆಗೆ ತಾಯಿಗೆ ಸತ್ಯ ತಾನಾಗಿ ಗೊತ್ತಾಗುತ್ತದೆ. ಪಾದ್ರಿಗೂ ಗೊತ್ತಿತ್ತು ಅನ್ನುವುದೂ ಗೊತ್ತಾಗುತ್ತದೆ. ಅದಾದ ಮೇಲೆ ಗ್ರೆಗ್ ಮತ್ತು ಗ್ರಹಾಂ ನಿಲ್ಲಿಸಿದ ಕಾರಿನಲ್ಲಿ ಪೊಲೀಸರ ಕೈಗೆ ಸಿಗುತ್ತಾರೆ, ಗ್ರೆಗ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುತ್ತಾರೆ, ಪೇಪರಿನ ಮುಖಪುಟದಲ್ಲಿ ಸುದ್ದಿ ಬರುತ್ತದೆ. ಬಿಷಪ್ ಕೈಬಿಡುತ್ತಾರೆ. ಗ್ರೆಗ್ ಒಂದು ಹಳ್ಳಿಯ ಚರ್ಚಿಗೆ ಹೋಗುತ್ತಾರೆ, ಅಲ್ಲಿನ ಪಾದ್ರಿಗೆ ಇವರ ಮುಖ ಕಂಡರೆ ಆಗುವುದಿಲ್ಲ. ಮ್ಯಾಥ್ಯೂ ಹೋಗಿ ಅವರನ್ನು ವಾಪಸ್ ಕರೆತರುತ್ತಾರೆ.

ಅಂದರೆ ಇದು ಗೇ ಪಾದ್ರಿಯ ಕಥೆ, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ, ಮತ್ತು ಹಾಗೆ ನೋಡಿದರೆ ಅರ್ಧ ಚಿತ್ರ ಕೈತಪ್ಪಿ ಹೋಗುತ್ತದೆ. ಗ್ರೆಗ್ ಎದೆಯಲ್ಲಿ ಎರಡು ಗುಟ್ಟು ಇವೆ. ಒಂದು ತನ್ನದು: ತಾನು ಸಲಿಂಗಿ ಅನ್ನುವುದು. ಇದನ್ನು ಹೇಳಬಾರದು ಅಂತ ಯಾವ ನಿಯಮವೂ ಇಲ್ಲ, ಆದರೆ ಹೇಳುವ ಧೈರ್ಯ ಇಲ್ಲ. ಇನ್ನೊಂದು ಲೀಸಾಳದು. ಇದನ್ನು ಊರಿಗೆಲ್ಲ ಕೂಗಿ ಹೇಳಬೇಕು ಅನ್ನುವಷ್ಟು ಸಂಕಟ ಇದೆ, ಆದರೆ ಹೇಳುವ ಹಕ್ಕಿಲ್ಲ. ಈ ಎರಡನ್ನೂ ಒಬ್ಬನೇ ಮನುಷ್ಯನ ಎದೆಯಲ್ಲಿಟ್ಟು ಬಾಯಿಗೆ ಬೀಗ ಹಾಕಿಸಿದ್ದು ಮೆಕ್‌ಗವರ್ನ್ ಅವರ ದೊಡ್ಡ ಕೆಲಸ ಅಂತ ನನಗನ್ನಿಸುತ್ತದೆ.

ಈ ಎರಡು ಗುಟ್ಟುಗಳ ಗತಿಯನ್ನು ನೋಡಿ. ಯಾರಿಗೂ ನೋವು ಕೊಡದ ಗುಟ್ಟು ಬಯಲಾದಾಗ ಇಡೀ ಧರ್ಮಕೇಂದ್ರ ಬೆಂಕಿಯಾಗುತ್ತದೆ, ಪೇಪರು, ಪೊಲೀಸು, ಬಿಷಪ್ ಎಲ್ಲ ಎದ್ದು ನಿಲ್ಲುತ್ತಾರೆ. ಒಂದು ಮಗುವನ್ನು ದಿನಾ ಸಾಯಿಸುತ್ತಿದ್ದ ಗುಟ್ಟು ಮಾತ್ರ ನಿಯಮದ ಹೆಸರಲ್ಲಿ ಭದ್ರವಾಗಿತ್ತು. ಈ ಎರಡನ್ನೂ ಪಕ್ಕಪಕ್ಕ ಇಡದೆ ಬರೀ ಬಾರಿನ ದೃಶ್ಯ, ಹಾಸಿಗೆ ದೃಶ್ಯದ ಬಗ್ಗೆ ಮಾತಾಡುವವರು ಲೀಸಾಳನ್ನು ಮತ್ತೊಮ್ಮೆ ಮರೆತಂತೆ.

ಪಾಪನಿವೇದನೆಯ ಗುಟ್ಟು ನಿಜವಾಗಿಯೂ ಅಷ್ಟು ಬಿಗಿಯಾ? ಸಿನಿಮಾಕ್ಕೆ ಅಂತ ಜಾಸ್ತಿ ಮಾಡಿದ್ದಾರಾ?

ಜಾಸ್ತಿ ಮಾಡಿಲ್ಲ. ಕ್ಯಾಥೊಲಿಕ್ ಸಭೆಯ (ಅಂದರೆ ಚರ್ಚ್ ಸಂಸ್ಥೆಯ) 1983ರ ಕಾನೂನು ಸಂಹಿತೆಯ 983ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಯಾವ ಕಾರಣಕ್ಕೂ, ಮಾತಿನಿಂದಾಗಲಿ ಬೇರೆ ಯಾವ ರೀತಿಯಲ್ಲಾಗಲಿ, ನಿವೇದನೆ ಮಾಡಿದವರ ಗುಟ್ಟು ಬಿಡುವಂತಿಲ್ಲ. "ಬೇರೆ ಯಾವ ರೀತಿ" ಅನ್ನುವುದರಲ್ಲಿ ಸುಳಿವು, ಸನ್ನೆ ಕೂಡ ಬರುತ್ತದೆ. ನೇರವಾಗಿ ಗುಟ್ಟು ಒಡೆದ ಪಾದ್ರಿಗೆ ತಾನಾಗಿಯೇ ಬಹಿಷ್ಕಾರ, ಅದನ್ನು ತೆಗೆಯುವ ಅಧಿಕಾರ ರೋಮ್‌ಗೆ ಮಾತ್ರ. ಬಿಷಪ್‌ಗಳೆಲ್ಲ ಸೇರಿದ್ದ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯಲ್ಲೇ ಗುಟ್ಟು ಒಡೆದವರನ್ನು ಪದವಿಯಿಂದ ಕಿತ್ತು, ಸಾಯುವವರೆಗೆ ಮಠದೊಳಗೆ ಇರಿಸಬೇಕು ಅಂತ ತೀರ್ಮಾನವಾಗಿತ್ತು. ಪ್ರಾಗ್ ನಗರದ ಸಂತ ಜಾನ್ ನೆಪೊಮುಕ್ ಅವರನ್ನು 1393ರಲ್ಲಿ ನದಿಗೆ ತಳ್ಳಿ ಕೊಂದರು. ರಾಣಿಯ ಪಾಪನಿವೇದನೆಯನ್ನು ರಾಜನಿಗೆ ಹೇಳಲಿಲ್ಲ ಅನ್ನುವುದೇ ಕಾರಣ ಅಂತ ಐತಿಹ್ಯ.

ಹಾಗಾಗಿ ಗ್ರೆಗ್ ತಾಯಿಗೆ ಸುಳಿವು ಕೊಡುವಾಗಲೇ ಅಪಾಯದ ಗಡಿಗೆ ಬಂದು ನಿಂತಿದ್ದಾರೆ. ಕ್ಯಾಥೊಲಿಕ್ ಅಲ್ಲದವರಿಗೆ ಈ ದೃಶ್ಯಗಳಲ್ಲಿ "ಅಯ್ಯೋ, ಸುಮ್ನೆ ಪೊಲೀಸರಿಗೆ ಫೋನ್ ಮಾಡಬಾರದಾ" ಅನ್ನಿಸುತ್ತದೆ. ಆ ಸಿಟ್ಟು ಸರಿಯಾದದ್ದೇ. ಆದರೆ ಗ್ರೆಗ್ ನಂಬಿರುವ ಲೋಕದಲ್ಲಿ ಆ ಫೋನ್ ಮಾಡುವುದು ಅಂದರೆ ತಾನು ಪಾದ್ರಿಯಾಗಿ ಇರುವುದನ್ನೇ ಬಿಟ್ಟುಕೊಟ್ಟಂತೆ. ಅಷ್ಟೇ ಅಲ್ಲ, ಅವತ್ತಿನಿಂದ ಆ ಊರಿನಲ್ಲಿ ಯಾರೂ ಪಾಪನಿವೇದನೆಗೆ ಬಂದು ಮನಸ್ಸು ಬಿಚ್ಚುವುದಿಲ್ಲ ಅನ್ನುವ ಭಯವೂ ಇದೆ.

ಗ್ರೆಗ್‌ಗೆ ಬೇರೆ ದಾರಿಯೇ ಇರಲಿಲ್ವಾ?

ಇತ್ತು. ನಿವೇದನೆ ಮಾಡಿದವರೇ ಅದೇ ವಿಷಯವನ್ನು ಹೊರಗಡೆ, ಸಾಮಾನ್ಯ ಮಾತಿನಲ್ಲಿ ಇನ್ನೊಮ್ಮೆ ಹೇಳಿದರೆ ಪಾದ್ರಿ ಅದರ ಮೇಲೆ ಕ್ರಮ ಕೈಗೊಳ್ಳಬಹುದು. "ಬಾ ಮಗಳೇ, ಹೊರಗೆ ಬೆಂಚಿನ ಮೇಲೆ ಕೂತು ಇದನ್ನೇ ನನಗೆ ಹೇಳು, ಆಮೇಲೆ ನಾನು ನೋಡಿಕೊಳ್ಳುತ್ತೇನೆ" ಅಂತ ಅನುಭವಿ ಪಾದ್ರಿ ಕೇಳುತ್ತಾರೆ. ಟೀಚರ್‌ಗೋ ಡಾಕ್ಟರಿಗೋ ಹೇಳುವಂತೆ ಧೈರ್ಯ ತುಂಬುವುದು ಇನ್ನೊಂದು ದಾರಿ. ಚಿತ್ರ ಈ ದಾರಿಗಳನ್ನು ಇನ್ನಷ್ಟು ತಡಕಬೇಕಿತ್ತು ಅಂತ ದೂರುವವರಿದ್ದಾರೆ, ನನಗೂ ಆ ದೂರು ಒಪ್ಪಿಗೆ.

ಆದರೆ ಹೆದರಿದ ಮಗು ಕತ್ತಲೆಯ ಗೂಡಿನೊಳಗೆ ಮುಖ ಕಾಣದ ಕಡೆ ಪಿಸುಗುಟ್ಟಿದ್ದನ್ನು ಬೆಳಕಿನಲ್ಲಿ ಮತ್ತೆ ಹೇಳುವುದು ಅಷ್ಟು ಸುಲಭ ಅಲ್ಲ. ಕಾನೂನಿನ ಪುಸ್ತಕದಲ್ಲಿ ದಾರಿ ಇರುವುದು ಬೇರೆ, ಆ ದಾರಿಯಲ್ಲಿ ಒಂದು ಮಗು ನಡೆದು ಬರುವುದು ಬೇರೆ.

ನೆನಪಿಡಬೇಕಾದ್ದು ಇನ್ನೊಂದಿದೆ. ಲೀಸಾಳ ತಂದೆಯೂ ಪಾಪನಿವೇದನೆಯ ಗೂಡಿಗೆ ಬಂದು ಕೂರುತ್ತಾನೆ. ಪಶ್ಚಾತ್ತಾಪಕ್ಕಲ್ಲ. ತಾನು ಮಾಡುತ್ತಿರುವುದನ್ನು ಸಮರ್ಥಿಸಿಕೊಳ್ಳೋಕೆ, ಪಾದ್ರಿಯನ್ನು ಹೆದರಿಸೋಕೆ. ರಾಬರ್ಟ್ ಪ್ಯೂ ಆ ಪಾತ್ರ ಮಾಡಿದ್ದಾರೆ. ಪವಿತ್ರ ನಿಯಮ ಒಬ್ಬ ಪಾಪಿಗೆ ಗುರಾಣಿಯಾಗುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ದೃಶ್ಯವನ್ನು ನಾನು ಬೇರೆಲ್ಲೂ ನೋಡಿಲ್ಲ.

ಶಿಲುಬೆಯ ಮುಂದೆ ಜಗಳ ಆಡುವ ದೃಶ್ಯದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಏನಿದೆ?

ಗ್ರೆಗ್ ಕೋಣೆಯಲ್ಲಿ ಒಬ್ಬರೇ. ಎದುರಿಗೆ ಶಿಲುಬೆ. ಮೊದಲು ಪ್ರಾರ್ಥನೆ ಥರ ಶುರುವಾಗುತ್ತದೆ, ಆಮೇಲೆ ಬೇಡಿಕೊಳ್ಳುವುದು, ಆಮೇಲೆ ಬೈಯುವುದು. ಅಲ್ಲಿ ಒಂದು ಮಗು ನರಳುತ್ತಿದೆ, ನೀನು ಸುಮ್ಮನೆ ನೇತಾಡುತ್ತಿದ್ದೀಯಲ್ಲ, ಏನಾದರೂ ಮಾಡು ಅನ್ನುವ ಧಾಟಿ. ಈ ಕೂಗಾಟದ ನಡುನಡುವೆ ಕತ್ತರಿಸಿ ಲೀಸಾಳ ತಾಯಿ ಮನೆ ಕಡೆ ಬರುತ್ತಿರುವುದನ್ನು ತೋರಿಸುತ್ತಾರೆ. ಕೂಗಾಟ ತಾರಕಕ್ಕೆ ಹೋಗುವ ಹೊತ್ತಿಗೆ ಅವಳು ಬಾಗಿಲು ತೆಗೆದು, ಕಾಣಬಾರದ್ದನ್ನು ಕಾಣುತ್ತಾಳೆ.

ದೇವರು ಕೇಳಿಸಿಕೊಂಡನಾ, ಅಥವಾ ಕಾಕತಾಳೀಯವಾ? ಚಿತ್ರ ಏನೂ ಹೇಳುವುದಿಲ್ಲ. ನಂಬುವವರಿಗೆ ಅದು ಉತ್ತರ, ನಂಬದವರಿಗೆ ಎಡಿಟಿಂಗ್. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಗ್ರೆಗ್ ಅತ್ಯಂತ ನಿಷ್ಠೆಯಿಂದ ಪ್ರಾರ್ಥಿಸುವುದು ಈ ಬೈಗುಳದಲ್ಲೇ. ಅಲ್ಲಿವರೆಗೆ ಅವರ ಪ್ರಾರ್ಥನೆಗಳು ಬಾಯಿಪಾಠ. ನಮ್ಮ ಭಕ್ತರೂ ದೇವರನ್ನು ಬೈದವರೇ ಅಲ್ವಾ? ಪುರಂದರದಾಸರ ನಿಂದಾಸ್ತುತಿ ಕೇಳಿ ಬೆಳೆದವರಿಗೆ ಈ ದೃಶ್ಯದಲ್ಲಿ ದೈವನಿಂದೆ ಕಾಣುವುದಿಲ್ಲ, ಹತ್ತಿರದವನ ಜೊತೆಗಿನ ಜಗಳ ಕಾಣುತ್ತದೆ.

ಇದಾದ ಮೇಲೆ ತಾಯಿ (ಲೆಸ್ಲಿ ಶಾರ್ಪ್) ಗ್ರೆಗ್ ಎದುರು ನಿಂತು, ನಿಮಗೆ ಗೊತ್ತಿತ್ತು ಅಂತ ಸಿಡಿಯುತ್ತಾಳೆ. ಅವಳಿಗೆ ಕೊಡೋಕೆ ಗ್ರೆಗ್ ಹತ್ತಿರ ಯಾವ ಉತ್ತರವೂ ಇಲ್ಲ. ಮೆಕ್‌ಗವರ್ನ್ ಗ್ರೆಗ್ ಬಾಯಿಗೆ ಉತ್ತರ ತುರುಕಲೂ ಇಲ್ಲ, ಅದು ಒಳ್ಳೆಯದಾಯಿತು.

ಮ್ಯಾಥ್ಯೂ ಕೂಡ ವ್ರತ ಮುರಿದಿದ್ದಾರೆ. ಅವರಿಗೆ ಯಾಕೆ ಏನೂ ಆಗುವುದಿಲ್ಲ?

ಇದು ಚಿತ್ರದ ಒಳಗಿರುವ ಅತಿ ಚುರುಕಾದ ಪ್ರಶ್ನೆ. ಲ್ಯಾಟಿನ್ ಪದ್ಧತಿಯ ಕ್ಯಾಥೊಲಿಕ್ ಪಾದ್ರಿಗಳಿಗೆ ಬ್ರಹ್ಮಚರ್ಯ ಕಡ್ಡಾಯ. 1139ರ ಎರಡನೇ ಲ್ಯಾಟರನ್ ಮಹಾಸಭೆ ಪಾದ್ರಿಗಳ ಮದುವೆ ಊರ್ಜಿತವೇ ಅಲ್ಲ ಅಂತ ಹೇಳಿತು, ಇಂದಿನ ಸಂಹಿತೆಯ 277ನೇ ವಿಧಿಯೂ ಬ್ರಹ್ಮಚರ್ಯವನ್ನೇ ವಿಧಿಸುತ್ತದೆ. ಆ ಲೆಕ್ಕದಲ್ಲಿ ಮ್ಯಾಥ್ಯೂ ಮುರಿದದ್ದೂ ಅದೇ ಮಾತು, ಗ್ರೆಗ್ ಮುರಿದದ್ದೂ ಅದೇ ಮಾತು. ಒಬ್ಬರದ್ದು ಮನೆಯೊಳಗೆ ನಡೆದುಕೊಂಡು ಹೋಗುತ್ತದೆ, ಇನ್ನೊಬ್ಬರದ್ದು ಮುಖಪುಟಕ್ಕೆ ಬರುತ್ತದೆ. ವ್ರತಭಂಗವೇ ಸಿಟ್ಟಿಗೆ ಕಾರಣವಾಗಿದ್ದರೆ ಇಬ್ಬರ ಮೇಲೂ ಒಂದೇ ಅಳತೆಯ ಸಿಟ್ಟು ಬರಬೇಕಿತ್ತು.

ಮ್ಯಾಥ್ಯೂ ಪಾತ್ರದ ದೊಡ್ಡತನ ಏನಂದರೆ ಅವರಿಗೆ ಇದು ಅರ್ಥವಾಗುತ್ತದೆ. ತನ್ನನ್ನು ಅಷ್ಟು ಹೀನಾಯವಾಗಿ ಕಂಡ ಗ್ರೆಗ್ ಬಿದ್ದಾಗ, ನೋಡು ನಿನಗೂ ಬಂತಲ್ಲ ಅಂತ ಒಂದು ಮಾತು ಆಡುವುದಿಲ್ಲ. ಹೋಗಿ ಕೈ ಹಿಡಿಯುತ್ತಾರೆ. ವಿಲ್ಕಿನ್ಸನ್ ಅವರ ಕಣ್ಣಿನಲ್ಲಿ ಆ ಪ್ರೀತಿ ಇದೆ.

ಕಾರಿನಲ್ಲಿ ಇದ್ದದ್ದಕ್ಕೆ ಪೊಲೀಸ್ ಕೇಸ್ ಯಾಕೆ? ಇಂಗ್ಲೆಂಡಿನಲ್ಲಿ ಸಲಿಂಗ ಸಂಬಂಧ ಆಗಲೇ ಅಪರಾಧ ಅಲ್ಲ ಅಲ್ವಾ?

1967ರ ಕಾನೂನು ಬಂದ ಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 21 ದಾಟಿದ ಇಬ್ಬರು ಗಂಡಸರ ನಡುವೆ ಖಾಸಗಿಯಾಗಿ ನಡೆಯುವುದು ಅಪರಾಧ ಅಲ್ಲ ಅಂತಾಯಿತು. "ಖಾಸಗಿಯಾಗಿ" ಅನ್ನುವುದನ್ನು ಬಹಳ ಬಿಗಿಯಾಗಿ ಓದುತ್ತಿದ್ದರು. ಬೀದಿ ಬದಿಯ ಕಾರು ಖಾಸಗಿ ಅಲ್ಲ. ಗಂಡಸರ ಮೇಲೆ ಮಾತ್ರ ಹಾಕುವ "ಘೋರ ಅಸಭ್ಯತೆ"ಯ ಹಳೆಯ ಕಲಂ 2003ರ ಕಾನೂನಿನಲ್ಲಿ ರದ್ದಾಗುವವರೆಗೂ ಪುಸ್ತಕದಲ್ಲಿ ಉಳಿದಿತ್ತು. ಚಿತ್ರ ಬಂದ 1994ರಲ್ಲೇ ಸಮ್ಮತಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು, ಗಂಡು-ಹೆಣ್ಣಿಗೆ ಇದ್ದ ಹಾಗೆ 16 ಆಗಿದ್ದು 2001ರಲ್ಲಿ. ಶಾಲೆಗಳಲ್ಲಿ ಈ ವಿಷಯ ಮಾತಾಡಲೂ ಹೆದರುವಂತೆ ಮಾಡಿದ್ದ 1988ರ 28ನೇ ಕಲಂ ಕೂಡ ಆಗ ಜಾರಿಯಲ್ಲಿತ್ತು. ಇವತ್ತಿನ ಲಂಡನ್ನಿನ ಪ್ರೈಡ್ ಮೆರವಣಿಗೆ ನೋಡಿ ಆ ಕಾಲವನ್ನು ಅಳೆಯಬೇಡಿ.

ಕ್ಯಾಥೊಲಿಕ್ ಸಭೆ ಸಲಿಂಗಿಗಳ ಬಗ್ಗೆ ಏನು ಹೇಳುತ್ತದೆ?

1992ರ ಧರ್ಮೋಪದೇಶ ಗ್ರಂಥ ಎರಡು ಮಾತು ಹೇಳುತ್ತದೆ. ಸಲಿಂಗ ಸಂಭೋಗ ಮೂಲತಃ ಕ್ರಮತಪ್ಪಿದ್ದು ಅನ್ನುವುದು ಒಂದು. ಅಂಥ ಒಲವು ಇರುವವರನ್ನು ಗೌರವದಿಂದ, ಕರುಣೆಯಿಂದ ಕಾಣಬೇಕು, ಅನ್ಯಾಯದ ತಾರತಮ್ಯ ಮಾಡಬಾರದು ಅನ್ನುವುದು ಇನ್ನೊಂದು. ಗ್ರೆಗ್ ಕಥೆ ಈ ಎರಡು ಮಾತಿನ ಸಂದಿಯಲ್ಲಿ ಸಿಕ್ಕಿಕೊಂಡವನ ಕಥೆ.

ಚಿತ್ರ ಬಂದ ಮೇಲೆ ತುಂಬ ಆಗಿದೆ. 2005ರಲ್ಲಿ ವ್ಯಾಟಿಕನ್, ಆಳವಾಗಿ ಬೇರೂರಿದ ಸಲಿಂಗ ಒಲವು ಇರುವವರನ್ನು ಸೆಮಿನರಿಗೆ (ಪಾದ್ರಿಗಳನ್ನು ತಯಾರು ಮಾಡುವ ಶಾಲೆಗೆ) ಸೇರಿಸಿಕೊಳ್ಳಬಾರದು ಅಂತ ಸೂಚನೆ ಹೊರಡಿಸಿತು. 2013ರಲ್ಲಿ ಪೋಪ್ ಫ್ರಾನ್ಸಿಸ್ ಬ್ರೆಜಿಲ್‌ನಿಂದ ವಾಪಸಾಗುವ ವಿಮಾನದಲ್ಲಿ, ದೇವರನ್ನು ಹುಡುಕುತ್ತಿರುವ ಸಲಿಂಗಿಯ ತೀರ್ಪು ಮಾಡೋಕೆ ನಾನ್ಯಾರು ಅನ್ನುವ ಅರ್ಥದ ಮಾತಾಡಿದರು. ಆ ಪ್ರಶ್ನೆ ಬಂದದ್ದೇ ಪಾದ್ರಿಗಳ ವಿಷಯದಲ್ಲಿ. 2023ರ ಡಿಸೆಂಬರಿನಲ್ಲಿ, ವಿಧಿಬದ್ಧ ಪೂಜೆಯಾಗಿ ಅಲ್ಲದೆ, ಸಲಿಂಗ ಜೋಡಿಗಳಿಗೂ ಪಾದ್ರಿ ಆಶೀರ್ವಾದ ಮಾಡಬಹುದು ಅಂತ ವ್ಯಾಟಿಕನ್ ಹೇಳಿತು. ಬೋಧನೆ ಮಾತ್ರ ಬದಲಾಗಿಲ್ಲ.

ಮಗುವಿಗೆ ಕಿರುಕುಳ ಕೊಡುವುದು ಪಾದ್ರಿನಾ?

ಅಲ್ಲ. ಅವಳ ಸ್ವಂತ ತಂದೆ. ಇದನ್ನು ತಪ್ಪಾಗಿ ಬರೆದವರು ಬಹಳ ಜನ ಇದ್ದಾರೆ. ಸಲಿಂಗಿ ಅಂದ ಕೂಡಲೇ ಮಕ್ಕಳಿಗೆ ಅಪಾಯ ಅಂದುಕೊಳ್ಳುವ ಕೆಟ್ಟ ಅಭ್ಯಾಸಕ್ಕೆ ಈ ಚಿತ್ರ ನೇರ ಏಟು ಕೊಡುತ್ತದೆ. ಮದುವೆಯಾಗಿ, ಸಂಸಾರ ನಡೆಸಿಕೊಂಡು ಇರುವ ಗಂಡಸೇ ಇಲ್ಲಿ ರಾಕ್ಷಸ.

ಲಿವರ್‌ಪೂಲ್ ಯಾಕೆ?

ಮೆಕ್‌ಗವರ್ನ್ ಅಲ್ಲಿಯವರು. 1949ರಲ್ಲಿ ಅಲ್ಲೇ ಹುಟ್ಟಿ, ಕ್ಯಾಥೊಲಿಕ್ ಮನೆಯಲ್ಲಿ ಬೆಳೆದು, ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ ಓದಿದವರು. 1840ರ ದಶಕದ ಐರಿಷ್ ಬರಗಾಲದಲ್ಲಿ ಹಡಗು ಹತ್ತಿ ಬಂದವರು ಸಾವಿರ ಸಾವಿರ ಲೆಕ್ಕದಲ್ಲಿ ಈ ಬಂದರಿನಲ್ಲಿ ಉಳಿದುಕೊಂಡರು, ಅದಕ್ಕೇ ಇಂಗ್ಲೆಂಡಿನಲ್ಲಿ ಇದು ಕ್ಯಾಥೊಲಿಕ್ ನಗರ ಅಂತ ಹೆಸರು. 1980ರ ದಶಕದಲ್ಲಿ ಬಂದರಿನ ಕೆಲಸಗಳು ಹೋಗಿ ಊರು ಸೊರಗಿತ್ತು. ಮ್ಯಾಥ್ಯೂ ಪಾಪದ ಮಾತಾಡುವಾಗ ಬಡತನ, ನಿರುದ್ಯೋಗ ಬರುವುದು ಅದರಿಂದಲೇ. ಗ್ರೆಗ್ ಮತ್ತು ಮ್ಯಾಥ್ಯೂ ನಡುವಿನ ವಾದ ಬರೀ ದೇವತಾಶಾಸ್ತ್ರ ಅಲ್ಲ, ಪ್ರಧಾನಿ ಥ್ಯಾಚರ್ ಕಾಲದ ಇಂಗ್ಲೆಂಡಿನ ಮನೆಮನೆಯ ವಾದ. ತಪ್ಪು ಮನುಷ್ಯನದ್ದಾ, ಅವನನ್ನು ಹಾಗೆ ಮಾಡಿದ ವ್ಯವಸ್ಥೆಯದ್ದಾ ಅಂತ.

ಅಮೆರಿಕದಲ್ಲಿ ದೊಡ್ಡ ಗಲಾಟೆ ಆಯ್ತಂತೆ?

ಹೌದು. ಅಲ್ಲಿ ಬಿಡುಗಡೆ ಮಾಡಿದ್ದು ಮಿರಾಮ್ಯಾಕ್ಸ್. ಆ ಕಂಪನಿಯನ್ನು 1993ರಲ್ಲಿ ಡಿಸ್ನಿ ಕೊಂಡುಕೊಂಡಿತ್ತು. ಮಕ್ಕಳ ಚಿತ್ರ ಮಾಡುವ ಡಿಸ್ನಿ ಇಂಥದ್ದಕ್ಕೆ ಕೈ ಹಾಕಿತಲ್ಲ ಅಂತ ಕ್ಯಾಥೊಲಿಕ್ ಲೀಗ್ ಎಂಬ ಸಂಘಟನೆ ಡಿಸ್ನಿಯನ್ನೇ ಬಹಿಷ್ಕರಿಸಿ ಅಂತ ಕರೆ ಕೊಟ್ಟಿತು. ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ, 1995ರ ಶುಭಶುಕ್ರವಾರ, ಏಪ್ರಿಲ್ 14ರಂದೇ ಚಿತ್ರವನ್ನು ಹೆಚ್ಚು ಊರುಗಳಿಗೆ ಬಿಡುವ ಯೋಜನೆ ಇತ್ತು. ವಿರೋಧ ಬಂದ ಮೇಲೆ ಆ ದಿನವನ್ನು ಮುಂದೆ ಹಾಕಿದರು.

ದಿನಾಂಕದ ವಿಷಯದಲ್ಲಿ ವಿರೋಧಿಸಿದವರ ನೋವು ನನಗೆ ಅರ್ಥವಾಗುತ್ತದೆ. ಏಸುವಿನ ಮರಣವನ್ನು ನೆನೆದು ಉಪವಾಸ ಇರುವ ದಿನ ಅದು, ಆ ದಿನವನ್ನು ಪ್ರಚಾರಕ್ಕೆ ಬಳಸಿದ್ದು ವಿತರಕರ ವ್ಯಾಪಾರ ಬುದ್ಧಿ. ಆದರೆ ಚಿತ್ರವೇ ಸಭೆಯ ಮೇಲಿನ ದ್ವೇಷದಿಂದ ಹುಟ್ಟಿದ್ದು ಅನ್ನುವುದನ್ನು ಒಪ್ಪಲು ಆಗುವುದಿಲ್ಲ. ದ್ವೇಷ ಇದ್ದವರು ಬಲಿಪೂಜೆಯನ್ನು (ಚರ್ಚಿನ ಮುಖ್ಯ ಪೂಜೆ, ಮಾಸ್) ಇಷ್ಟು ಶ್ರದ್ಧೆಯಿಂದ ಚಿತ್ರಿಸುವುದಿಲ್ಲ.

ಪ್ರಶಸ್ತಿ ಬಂದಿದೆಯಾ? ವಿಮರ್ಶಕರು ಏನಂದರು?

1994ರ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರೇಕ್ಷಕರೇ ಮತ ಹಾಕಿ ಕೊಡುವ ಪ್ರಶಸ್ತಿ ಬಂತು. 1995ರ ಬರ್ಲಿನ್ ಉತ್ಸವದಲ್ಲೂ ಒಂದು ಪ್ರಶಸ್ತಿ ಬಂತು. ಎಲ್ಲರೂ ಹೊಗಳಲಿಲ್ಲ. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕರಲ್ಲಿ ಒಂದೇ ನಕ್ಷತ್ರ ಕೊಟ್ಟರು. ಬ್ರಹ್ಮಚರ್ಯದ ವ್ರತದ ಮೇಲೆ ದಾಳಿ ಮಾಡುವುದೇ ಚಿತ್ರದ ಉದ್ದೇಶ ಅನ್ನುವುದು ಅವರ ದೂರಿನ ತಿರುಳು. ಆ ವಿಮರ್ಶೆಯನ್ನೂ ಓದಿ, ಅವರು ಎತ್ತಿದ ಪ್ರಶ್ನೆಗಳು ಸುಲಭದಲ್ಲಿ ತಳ್ಳಿಹಾಕುವಂಥವಲ್ಲ.

ಕೊನೆಯ ದೃಶ್ಯ ಅರ್ಥವಾಗಲಿಲ್ಲ. ಸಾಲು ಯಾಕೆ ಒಂದೇ ಕಡೆ?

ಕ್ಯಾಥೊಲಿಕ್ ಪೂಜೆಗೆ ಹೋಗಿ ಅಭ್ಯಾಸ ಇಲ್ಲದವರಿಗೆ ಇದು ತಪ್ಪಿಹೋಗಬಹುದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಬ್ಬರು ಪಾದ್ರಿಗಳು ಸೇರಿ ಬಲಿಪೂಜೆ ಅರ್ಪಿಸಿದಾಗ ಪರಮಪ್ರಸಾದ (ಏಸುವಿನ ದೇಹ ಅಂತ ನಂಬಿ ಸ್ವೀಕರಿಸುವ ರೊಟ್ಟಿ) ಕೊಡೋಕೆ ಇಬ್ಬರೂ ಪಕ್ಕಪಕ್ಕ ನಿಲ್ಲುತ್ತಾರೆ. ಜನ ಎರಡು ಸಾಲು ಮಾಡಿಕೊಂಡು, ಯಾವ ಸಾಲು ಹತ್ತಿರವೋ ಅಲ್ಲಿ ಹೋಗಿ ತೆಗೆದುಕೊಳ್ಳುತ್ತಾರೆ. ಯಾರ ಕೈಯಿಂದ ಅನ್ನುವುದು ಮುಖ್ಯ ಅಲ್ಲ. ಪಾದ್ರಿ ಎಷ್ಟೇ ಪಾಪಿಯಾದರೂ ಪ್ರಸಾದದ ಪಾವಿತ್ರ್ಯ ಕಡಿಮೆಯಾಗುವುದಿಲ್ಲ, ಇದು ಸಂತ ಅಗಸ್ಟೀನರ ಕಾಲದಿಂದ ಬಂದ ಬೋಧನೆ.

ಈಗ ದೃಶ್ಯ ನೋಡಿ. ಗ್ರೆಗ್ ವಾಪಸ್ ಬಂದಿದ್ದಾರೆ. ಪೂಜೆಯ ಮಧ್ಯೆಯೇ ಕೆಲವರು ಎದ್ದು ಕೂಗಾಡುತ್ತಾರೆ, ಬೈಬಲ್ ವಾಕ್ಯ ಎಸೆಯುತ್ತಾರೆ. ಮ್ಯಾಥ್ಯೂ ಅವರ ಜೊತೆ ವಾದಕ್ಕೆ ಇಳಿಯುತ್ತಾರೆ. ಒಪ್ಪದವರು ಹೊರಗೆ ಹೋಗುತ್ತಾರೆ. ಹಾಗಾದರೆ ಉಳಿದವರು ಗ್ರೆಗ್ ಪರ ಅಂದುಕೊಳ್ಳುತ್ತೇವೆ ಅಲ್ವಾ? ಪರಮಪ್ರಸಾದದ ಹೊತ್ತು ಬರುತ್ತದೆ. ಉಳಿದವರೂ ಒಬ್ಬೊಬ್ಬರಾಗಿ ಮ್ಯಾಥ್ಯೂ ಕಡೆಗೇ ಹೋಗುತ್ತಾರೆ. ಗ್ರೆಗ್ ಕೈಯಲ್ಲಿ ಪ್ರಸಾದ ಹಿಡಿದು ನಿಂತೇ ಇದ್ದಾರೆ, ಮುಂದೆ ಯಾರೂ ಇಲ್ಲ. ಜಗಳ ಆಡದವರು, ಬೈಯದವರು, ಸುಮ್ಮನೆ ಒಂದು ಹೆಜ್ಜೆ ಆ ಕಡೆ ಸರಿದವರು. ಕೂಗಾಡಿದವರಿಗಿಂತ ಇವರೇ ನನ್ನನ್ನು ಜಾಸ್ತಿ ಕಾಡಿದ್ದು.

ಆಮೇಲೆ ಲೀಸಾ ಎದ್ದು ಬರುತ್ತಾಳೆ. ಅವಳೊಬ್ಬಳೇ. ಅವಳನ್ನು ಕಾಪಾಡಲು ಆಗದವನ ಮುಂದೆ ಬಂದು ನಿಲ್ಲುತ್ತಾಳೆ. ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಈ ದೃಶ್ಯಕ್ಕೆ ಮೊದಲೊಂದು ದೃಶ್ಯದ ನಂಟಿದೆ: ಗ್ರಹಾಂ ಒಂದು ದಿನ ಪೂಜೆಗೆ ಬಂದು ಪ್ರಸಾದಕ್ಕೆ ನಿಂತಾಗ ಗ್ರೆಗ್ ಕೊಡದೆ ಕಳಿಸಿಬಿಟ್ಟಿದ್ದರು. ತಾನು ಇನ್ನೊಬ್ಬನಿಗೆ ಮಾಡಿದ್ದನ್ನೇ ಊರು ಈಗ ತನಗೆ ಮಾಡುತ್ತಿದೆ. ಅದನ್ನು ಮುರಿಯುವುದು ಎಲ್ಲರಿಗಿಂತ ಹೆಚ್ಚು ನೋವುಂಡ ಹುಡುಗಿ. ಕ್ರಿಸ್ಟೀನ್ ಟ್ರೆಮಾರ್ಕೊ ಇಲ್ಲಿ ಮಾತೇ ಇಲ್ಲದೆ ಮಾಡಿದ್ದನ್ನು ಮ್ಯಾಥ್ಯೂ ಅವರ ಇಡೀ ವಾದವೂ ಮಾಡಲಾಗಲಿಲ್ಲ.

ಚಿತ್ರದಲ್ಲಿ ಕೊರತೆಯೇ ಇಲ್ವಾ?

ಇದೆ. ಬಿಷಪ್ ಮತ್ತು ಹಳ್ಳಿಯ ಪಾದ್ರಿ ಬರೀ ಖಳರಾಗಿಬಿಟ್ಟಿದ್ದಾರೆ, ಅವರೊಳಗಿನ ಭಯ ಕಾಣುವುದಿಲ್ಲ. ಗ್ರಹಾಂ ಯಾರು, ಏನು ಕೆಲಸ, ಮನೆಯಲ್ಲಿ ಯಾರಿದ್ದಾರೆ ಅನ್ನುವುದು ತಿಳಿಯದೆ ಗ್ರೆಗ್ ಬದುಕಿನ ಒಂದು ಘಟನೆಯಂತೆ ಬಂದು ಹೋಗುತ್ತಾನೆ. ಕಾರ್ಲೈಲ್ ಅಂಥ ನಟ ಇದ್ದೂ ಹೀಗಾಯಿತಲ್ಲ ಅನ್ನಿಸುತ್ತದೆ. ಮರಿಯಾಗೂ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಮ್ಯಾಥ್ಯೂ ಕೆಲವು ಕಡೆ ಭಾಷಣ ಮಾಡುತ್ತಾರೆ, ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಮಂಗಳೂರು, ಬೆಂಗಳೂರು ಕಡೆಯ ಕ್ಯಾಥೊಲಿಕ್ ಮನೆಯವರು ನೋಡಬಹುದಾ? ನಂಬಿಕೆಗೆ ನೋವಾಗುತ್ತಾ?

ದೊಡ್ಡವರು ನೋಡಬಹುದು, ನೋಡಬೇಕು ಅಂತಲೇ ಹೇಳುತ್ತೇನೆ. ಚಿತ್ರ ಶುರುವಾಗುವುದೇ ಒಬ್ಬ ವಯಸ್ಸಾದ ಪಾದ್ರಿ ದೊಡ್ಡ ಶಿಲುಬೆ ಹೊತ್ತು ಹೋಗಿ ಬಿಷಪ್ ಮನೆಯ ಕಿಟಕಿಗೆ ಗುದ್ದುವುದರಿಂದ. ಅದನ್ನು ನೋಡಿ ಟಿವಿ ಆಫ್ ಮಾಡಬೇಡಿ, ಮುಂದೆ ಬೇರೆ ಇದೆ. ಪಾಪನಿವೇದನೆ, ಬಲಿಪೂಜೆ, ಪಾದ್ರಿ ಮನೆಯ ಒಂಟಿತನ ಇವೆಲ್ಲ ನಿಮಗೆ ಉಳಿದವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಹಾಗಾಗಿ ನಿಮಗೇ ಜಾಸ್ತಿ ತಟ್ಟುತ್ತದೆ. ಮಕ್ಕಳ ಜೊತೆ ಕೂತು ನೋಡುವ ಚಿತ್ರ ಮಾತ್ರ ಅಲ್ಲ. ಅಮೆರಿಕದಲ್ಲಿ ಇದಕ್ಕೆ ಆರ್ ದರ್ಜೆ (ದೊಡ್ಡವರ ಜೊತೆ ಇಲ್ಲದೆ ಮಕ್ಕಳು ನೋಡುವಂತಿಲ್ಲ ಅನ್ನುವ ದರ್ಜೆ) ಸಿಕ್ಕಿತ್ತು. ಸಣ್ಣ ವಯಸ್ಸಿನಲ್ಲಿ ಇಂಥ ದೌರ್ಜನ್ಯ ಅನುಭವಿಸಿದವರು ಒಬ್ಬರೇ ಕೂತು ನೋಡದಿದ್ದರೆ ಒಳ್ಳೆಯದು. ಲಿವರ್‌ಪೂಲ್ ಇಂಗ್ಲಿಷ್ ಕಿವಿಗೆ ಹತ್ತುವುದು ಕಷ್ಟ, ಸಬ್‌ಟೈಟಲ್ ಹಾಕಿಕೊಳ್ಳಿ.

ನಮ್ಮ ದೇಶದಲ್ಲಿ ಮಗುವೊಂದು ಹೀಗೆ ಬಂದು ಹೇಳಿದರೆ ಕಾನೂನು ಏನು ಹೇಳುತ್ತದೆ?

2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು, ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಪಾಪನಿವೇದನೆ ಕೇಳಿದ ಪಾದ್ರಿಗೆ ಅಂತ ಆ ಕಲಮಿನಲ್ಲಿ ವಿನಾಯಿತಿ ಬರೆದಿಲ್ಲ. ಬೇರೆ ದೇಶಗಳಲ್ಲೂ ಈ ಗುದ್ದಾಟ ನಡೆಯುತ್ತಿದೆ. ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2017ರಲ್ಲಿ, ಇಂಗ್ಲೆಂಡಿನ ಮಕ್ಕಳ ದೌರ್ಜನ್ಯ ತನಿಖಾ ಆಯೋಗ 2022ರಲ್ಲಿ, ಪಾಪನಿವೇದನೆಗೂ ವಿನಾಯಿತಿ ಬೇಡ ಅಂತ ಶಿಫಾರಸು ಮಾಡಿದವು. ಸಭೆ ಒಪ್ಪಿಲ್ಲ. ನನ್ನ ನಿಲುವು ಕೇಳಿದರೆ, ಮಗುವಿನ ಜೀವದ ಮುಂದೆ ಯಾವ ಗುಟ್ಟೂ ದೊಡ್ಡದಲ್ಲ.

ಇದನ್ನು ಮಾಡಿದವರು ಆಮೇಲೆ ಏನು ಮಾಡಿದರು? ಇದೇ ಥರದ್ದು ಇನ್ನೇನಾದರೂ ನೋಡಬಹುದಾ?

ಆಂಟೋನಿಯಾ ಬರ್ಡ್ ಆಮೇಲೆ ಹಾಲಿವುಡ್‌ನಲ್ಲೂ ಬ್ರಿಟನ್ನಿನಲ್ಲೂ ಚಿತ್ರ ಮಾಡಿ, 2013ರ ಅಕ್ಟೋಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಇನ್ನಷ್ಟು ಅವಕಾಶ ಸಿಗಬೇಕಿದ್ದ ನಿರ್ದೇಶಕಿ. ಟಾಮ್ ವಿಲ್ಕಿನ್ಸನ್ 2023ರ ಡಿಸೆಂಬರಿನಲ್ಲಿ ಹೋದರು. ಲೈನಸ್ ರೋಚ್ ಅವರನ್ನು ನಮ್ಮ ಹುಡುಗರು 'ವೈಕಿಂಗ್ಸ್' ಧಾರಾವಾಹಿಯ ರಾಜ ಎಕ್‌ಬರ್ಟ್ ಆಗಿ ಗುರುತಿಸುತ್ತಾರೆ.

ಮುಂದೆ ನೋಡಬೇಕಾದ್ದು ಮೆಕ್‌ಗವರ್ನ್ ಅವರೇ 2017ರಲ್ಲಿ ಬಿಬಿಸಿಗೆ ಬರೆದ 'ಬ್ರೋಕನ್'. ಆರು ಕಂತು, ಇಂಗ್ಲೆಂಡಿನ ಉತ್ತರದ ಒಂದು ಬಡ ಧರ್ಮಕೇಂದ್ರ, ಪಾದ್ರಿಯಾಗಿ ಶಾನ್ ಬೀನ್. ಇಪ್ಪತ್ತು ವರ್ಷ ದಾಟಿದ ಮೇಲೆ ಅದೇ ಲೇಖಕ ಪಾದ್ರಿ ಮನೆಯ ಬಾಗಿಲನ್ನು ಮತ್ತೆ ತಟ್ಟಿದ್ದಾರೆ. ಈ ಸಲ ಸಿಟ್ಟು ಕಡಿಮೆ, ಜನರ ಕಷ್ಟ ಕೇಳುವ ತಾಳ್ಮೆ ಜಾಸ್ತಿ. ಶಾನ್ ಬೀನ್‌ಗೆ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು. 'ಪ್ರೀಸ್ಟ್' ನೋಡಿ ಒಂದು ವಾರ ಬಿಟ್ಟು ಅದನ್ನು ಶುರುಮಾಡಿ, ಎರಡನ್ನೂ ಒಟ್ಟಿಗೆ ಹಾಕಿಕೊಂಡರೆ ಭಾರವಾಗುತ್ತದೆ.